ಬಾಕಿ ಚುಕ್ತಾ ಮಾಡಿ

2025ರ ಜೂನ್ ತಿಂಗಳು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸೀಮೆಯಲ್ಲಿ ತೋತಾಪುರಿ ಮಾವು ಕಟಾವಿಗೆ ಬಂದಿತ್ತು. ಅದೇ ಹೊತ್ತಿಗೆ ಗಡಿಯಾಚೆಯ ಚಿತ್ತೂರು ಜಿಲ್ಲಾಡಳಿತ, ಹೊರರಾಜ್ಯದ ತೋತಾಪುರಿ ತನ್ನ ಜಿಲ್ಲೆಯೊಳಗೆ ಬರಕೂಡದು ಎಂದು ಆದೇಶ ಹೊರಡಿಸಿತು. ನಮ್ಮ ರೈತನ ಕಾಯಿ ಕೊಂಡು, ತಿರುಳು ತೆಗೆದು, ಡ್ರಮ್ಮಿಗೆ ತುಂಬುವ ಪಲ್ಪ್ ಕಾರ್ಖಾನೆಗಳು ಇರುವುದು ಆ ಜಿಲ್ಲೆಯಲ್ಲಿ. ಮೊದಲೇ ಸೋತಿದ್ದ ಬೆಲೆಗೆ ಇದು ಇನ್ನೊಂದು ಪೆಟ್ಟಾಯಿತು. ಶ್ರೀನಿವಾಸಪುರದಲ್ಲಿ ರೈತರು ಬಂದ್ ಆಚರಿಸಿದರು. ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತುಮಾಡಿ, ಎರಡೂವರೆ ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು.

ಆ ದಿನಗಳಲ್ಲಿ ನಾವೆಲ್ಲ ಆಂಧ್ರವನ್ನು ಬೈದೆವು. ನಮ್ಮನ್ನು ನಾವು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಮಾತ್ರ ಬಾಯಿಗೆ ಬರಲಿಲ್ಲ. ಮಾವಿನ ತವರು ಎಂದು ಹೆಸರು ಪಡೆದ ಸೀಮೆಗೆ ತನ್ನ ಕಾಯಿಯನ್ನು ತಾನೇ ಹಿಂಡಿಕೊಳ್ಳುವ ತಾಕತ್ತು ಯಾಕೆ ಬರಲಿಲ್ಲ? ಪಕ್ಕದ ರಾಜ್ಯದ ಒಬ್ಬ ಅಧಿಕಾರಿಯ ಸಹಿಗೆ ನಮ್ಮ ಸಾವಿರಾರು ಮನೆಗಳ ವರ್ಷದ ಅನ್ನ ಯಾಕೆ ಜೋತುಬಿದ್ದಿದೆ?

ಇದು ಮಾವಿನ ಕಥೆಯಷ್ಟೇ ಅಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪಿಗೆ ಜಗತ್ತೇ ಮರುಳಾಗಿದೆ; ಆ ಕೆಂಪನ್ನು ಸಾರವಾಗಿ ತೆಗೆಯುವ ಓಲಿಯೋರೆಸಿನ್ ಉದ್ಯಮದ ದೊಡ್ಡ ಹೆಸರುಗಳು ಬೇರೂರಿರುವುದು ಕೇರಳದಲ್ಲಿ. ಕೋಲಾರದ ಟೊಮೆಟೊ ಒಂದು ವರ್ಷ ಚಿನ್ನವಾಗುತ್ತದೆ, ಮರುವರ್ಷ ರಸ್ತೆ ಬದಿಯಲ್ಲಿ ರಾಶಿ ಬೀಳುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲೇ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ಆದರೆ ಅಲ್ಲಿನ ಎಷ್ಟೋ ದಾಲ್ ಮಿಲ್ಲುಗಳ ಬಾಗಿಲಿಗೆ ಬೀಗ ಬಿದ್ದಿದೆ. ಬೆಳೆಯುವುದರಲ್ಲಿ ನಾವು ಗಟ್ಟಿಗರು. ಬೆಳೆದದ್ದನ್ನು ಒಣಗಿಸಿ, ಹುರಿದು, ಬೀಸಿ, ಕುದಿಸಿ, ಪ್ಯಾಕ್ ಮಾಡಿ, ಹೆಸರಿಟ್ಟು ಮಾರುವ ಹಂತ ಬಂದಾಗ ಲಾಭ ಇನ್ನೊಬ್ಬರ ಗಲ್ಲೆಗೆ ಹೋಗುತ್ತದೆ.

ಈ ಎರಡನೆಯ ಹಂತದ ಕೆಲಸವನ್ನು ಇಲ್ಲಿ ಮಾಡುತ್ತಿರುವವರು ಯಾರು? ದೊಡ್ಡ ಕಾರ್ಖಾನೆಗಳ ಚಿಮಣಿ ನೋಡಿ ಉತ್ತರ ಹುಡುಕಬೇಡಿ. ಕೇಂದ್ರ ಸರ್ಕಾರದ ಲೆಕ್ಕದಲ್ಲೇ ದೇಶದಲ್ಲಿ ಸುಮಾರು 25 ಲಕ್ಷ ಅಸಂಘಟಿತ ಆಹಾರ ಘಟಕಗಳಿವೆ. ಆಹಾರ ಸಂಸ್ಕರಣೆಯಲ್ಲಿ ದುಡಿಯುವ ನೂರು ಜನರಲ್ಲಿ 74 ಮಂದಿಗೆ ಕೆಲಸ ಕೊಟ್ಟಿರುವುದು ಇವೇ. ಮೂರರಲ್ಲಿ ಎರಡು ಪಾಲು ಹಳ್ಳಿಗಳಲ್ಲಿವೆ. ನೂರಕ್ಕೆ ಎಂಬತ್ತು ಮನೆಮಂದಿ ಸೇರಿ ನಡೆಸುವಂಥವು. ಮಂಡ್ಯದ ಆಲೆಮನೆ, ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿ, ಧಾರವಾಡದ ಪೇಡೆ, ಗೋಕಾಕದ ಕರದಂಟು, ವಿಜಯಪುರದ ಖಡಕ್ ರೊಟ್ಟಿ, ಮಲೆನಾಡಿನ ಹಲಸಿನ ಹಪ್ಪಳ, ಕರಾವಳಿಯ ಪುನರ್ಪುಳಿ ಶರಬತ್ತು, ಬಡಾವಣೆಯ ಮೂಲೆಯ ಚಕ್ಕುಲಿ ಕೋಡುಬಳೆ ಅಂಗಡಿ, ಇವೆಲ್ಲ ಈ ಲೆಕ್ಕದೊಳಗಿನವೇ.

ಇವರು ರುಚಿಯಲ್ಲಿ ಸೋತವರಲ್ಲ. ಸೋಲುತ್ತಿರುವುದು ಮಾರಿದ ಮಾಲಿನ ಹಣ ಕೈಗೆ ಬರುವಷ್ಟರಲ್ಲಿ, ಪರೀಕ್ಷೆಯ ವರದಿ ಸಿಗುವಷ್ಟರಲ್ಲಿ, ಕಲಬೆರಕೆಯವನ ಅಗ್ಗದ ದರದೆದುರು ನಿಲ್ಲುವಷ್ಟರಲ್ಲಿ. ನಾವಾದರೋ ಅವರ ಬಗ್ಗೆ ಮಾತಾಡುವಾಗಲೆಲ್ಲ 'ಪ್ರೋತ್ಸಾಹ' 'ಉತ್ತೇಜನ' ಎನ್ನುತ್ತೇವೆ, ಏನೋ ದಾನ ಕೊಡುವವರ ಹಾಗೆ. ಅವರಿಗೆ ನಮ್ಮ ದಾನ ಬೇಡ. ನಾವು ಅವರಿಗೆ ಬಾಕಿ ಉಳಿಸಿಕೊಂಡಿದ್ದೇವೆ. ಅಂಗಡಿಯವರು, ಬ್ಯಾಂಕಿನವರು, ಸರ್ಕಾರ, ವಿಜ್ಞಾನಿಗಳು, ಉಣ್ಣುವ ನಾವು, ಎಲ್ಲರೂ ಉಳಿಸಿಕೊಂಡಿದ್ದೇವೆ. ಈ ಬರಹ ಆ ಬಾಕಿಯ ಪಟ್ಟಿ.

ಮೊದಲು ನಗದು ಬಾಕಿಯ ಮಾತು.

ಹಳ್ಳಿಯಲ್ಲಿ ಒಬ್ಬಾಕೆ ಉಪ್ಪಿನಕಾಯಿ ಮಾಡುವ ಸಣ್ಣ ಘಟಕ ನಡೆಸುತ್ತಾಳೆ ಎಂದುಕೊಳ್ಳಿ. ತಿಂಗಳಿಗೆ ಎರಡು ಲಕ್ಷ ರೂಪಾಯಿ ಮಾಲು ನಗರದ ದೊಡ್ಡ ಮಳಿಗೆಗಳಿಗೆ ಹೋಗುತ್ತದೆ. ಮಳಿಗೆಯವರು ತೊಂಬತ್ತು ದಿನಕ್ಕೆ ಹಣ ಕೊಡುತ್ತಾರೆ. ಅಂದರೆ ಯಾವ ಹೊತ್ತಿನಲ್ಲಿ ನೋಡಿದರೂ ಆರು ಲಕ್ಷ ರೂಪಾಯಿ ಅವರ ಬಳಿ ಸಿಕ್ಕಿಕೊಂಡಿರುತ್ತದೆ. ಮಾವಿನ ಮಿಡಿ ಮಳಿಗೆಯವರ ಪಾವತಿಗೆ ಕಾಯುವುದಿಲ್ಲ. ಬೇಸಿಗೆಯ ಕೆಲವೇ ವಾರಗಳಲ್ಲಿ ವರ್ಷಕ್ಕಾಗುವಷ್ಟನ್ನು ಕೊಂಡು ಉಪ್ಪಿಗೆ ಹಾಕಬೇಕು. ಹೊಸ ಮೆಣಸಿನಕಾಯಿಯನ್ನೂ ಸುಗ್ಗಿಯಲ್ಲೇ ಹಿಡಿಯಬೇಕು. ಆಗ ಆಕೆ ಕೈಸಾಲಕ್ಕೆ ಹೋಗುತ್ತಾಳೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಆರು ಲಕ್ಷಕ್ಕೆ ತಿಂಗಳಿಗೆ ಹದಿನೆಂಟು ಸಾವಿರ. ಎರಡು ಲಕ್ಷದ ವ್ಯಾಪಾರದಲ್ಲಿ ನೂರಕ್ಕೆ ಒಂಬತ್ತು ಬಡ್ಡಿಗೇ ಸೋರಿಹೋಯಿತು. ಲಾಭ ಇನ್ನೆಲ್ಲಿ ಉಳಿಯಬೇಕು? ಇದರ ಮೇಲೆ ಮಾರ್ಜಿನ್, ಶೆಲ್ಫಿನಲ್ಲಿ ಇಡಲು ಶುಲ್ಕ, 'ಒಂದು ಕೊಂಡರೆ ಒಂದು ಉಚಿತ' ಸ್ಕೀಮಿನ ಹೊರೆ, ಎಕ್ಸ್‌ಪೈರಿ ಆದ ಮಾಲಿನ ರಿಟರ್ನ್. ಕೊಳ್ಳುವ ದೊಡ್ಡವನಿಗೆ ಮಾರುವ ಸಣ್ಣವಳು ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾಳೆ. ಹಳ್ಳಿಯ ಹೆಣ್ಣುಮಗಳೊಬ್ಬಳು ಮಹಾನಗರದ ಮಳಿಗೆಗೆ ಬಂಡವಾಳ ಹೂಡುತ್ತಿರುವ ವಿಚಿತ್ರ ವ್ಯವಸ್ಥೆಯಿದು.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಂ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಮಾಲು ಪಡೆದವರು, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನ ಮೀರುವಂತಿಲ್ಲ. ಮೀರಿದರೆ 16ನೇ ಕಲಮಿನಂತೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಆದಾಯ ತೆರಿಗೆ ಕಾನೂನಿಗೂ ಈಚೆಗೆ ಒಂದು ತಿದ್ದುಪಡಿ ಬಂತು: ಹೊತ್ತಿಗೆ ಸರಿಯಾಗಿ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡ. ದೂರು ಕೊಟ್ಟರೆ ನಾಳೆಯಿಂದ ಆರ್ಡರ್ ನಿಲ್ಲುತ್ತದೆ ಎಂಬ ಭಯ ಕಾನೂನಿಗಿಂತ ದೊಡ್ಡದು. ಆದ್ದರಿಂದ ಆಕೆ ಸುಮ್ಮನಿರುತ್ತಾಳೆ.

ಸರಪಳಿ ಮಳಿಗೆಗಳ ಮಾಲೀಕರೇ, ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ದಿನಸಿ ಮುಟ್ಟಿಸುವ ಆ್ಯಪ್‌ಗಳ ಒಡೆಯರೇ, ಹೋಟೆಲು ಮತ್ತು ಕೇಟರಿಂಗ್ ನಡೆಸುವವರೇ, ನಿಮ್ಮ ಗಿರಾಕಿ ನಿಮಗೆ ಆ ಕ್ಷಣದಲ್ಲೇ ಹಣ ಕೊಡುತ್ತಾನೆ. ಅವನು ಕೊಟ್ಟ ಹಣ ಮೂರು ತಿಂಗಳು ನಿಮ್ಮ ಖಾತೆಯಲ್ಲಿ ಯಾಕೆ ನಿಲ್ಲಬೇಕು? 'ಸ್ಥಳೀಯ ಸವಿ' ಎಂದು ಗೋಡೆಯ ಮೇಲೆ ಬಣ್ಣದ ಫಲಕ ಹಾಕುತ್ತೀರಿ; ಆ ಸವಿ ಮಾಡಿದವರ ಬಿಲ್ಲು ಮೇಜಿನ ಡ್ರಾಯರಿನಲ್ಲಿ ಕೊಳೆಯುತ್ತದೆ. ಇದು ವ್ಯಾಪಾರದ ಜಾಣತನವಲ್ಲ, ಕೂಲಿ ಹಿಡಿದಿಟ್ಟುಕೊಳ್ಳುವುದು. ಕೊಡಿ, ಹದಿನೈದು ದಿನಕ್ಕೆ ಕೊಡಿ. ಆಗದಿದ್ದರೆ ಕಾನೂನು ಹೇಳಿದ ದಿನಕ್ಕಾದರೂ ಕೊಡಿ.

ಬೆಲ್ಲದ ಕಥೆ ಇದಕ್ಕಿಂತ ಕಹಿ.

ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಮಡ್ಡಿ ತೆಗೆಯಬೇಕು. ಹಿಂದೆ ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ಎತ್ತುತ್ತಿದ್ದರು. ಹಾಗೆ ಮಾಡಿದ ಬೆಲ್ಲ ಕಂದು, ಕೆಲವೊಮ್ಮೆ ಕಪ್ಪಿಗೆ ಹತ್ತಿರ. ಮಾರುಕಟ್ಟೆ ಕೇಳುವುದು ಹೊಂಬಣ್ಣ. ಹೊಂಬಣ್ಣ ಬೇಕಾದರೆ 'ಹೈಡ್ರೋಸ್' ಎಂದು ಕರೆಯುವ ರಾಸಾಯನಿಕದ ಪುಡಿ ಬೀಳಬೇಕು. ತೂಕ ಬೇಕಾದರೆ ಅಗ್ಗದ ಸಕ್ಕರೆ ಬೀಳಬೇಕು. ಸಕ್ಕರೆ ಕರಗಿಸಿ ಅಚ್ಚು ಹುಯ್ದ ಬೆಲ್ಲ ಕಣ್ಣಿಗೆ ಚೆಂದ, ಗಟ್ಟಿ, ದರವೂ ಅಗ್ಗ. ಇದರೆದುರು ಬರೀ ಕಬ್ಬಿನ ಹಾಲನ್ನು ಬತ್ತಿಸಿದವನ ಬೆಲ್ಲ ಅಂಗಡಿಯ ಹಿಂದಿನ ಸಾಲಿಗೆ ಸರಿಯುತ್ತದೆ. ಒಂದು ವರ್ಷ ಅವನು ನಷ್ಟ ನುಂಗುತ್ತಾನೆ, ಎರಡು ವರ್ಷ ನುಂಗುತ್ತಾನೆ. ಮೂರನೆಯ ವರ್ಷ ಅವನ ಮುಂದಿರುವುದು ಎರಡೇ ದಾರಿ: ತಾನೂ ಪುಡಿ ಹಾಕುವುದು, ಇಲ್ಲವೇ ಒಲೆ ಆರಿಸುವುದು. ಮಂಡ್ಯ ಸೀಮೆಯಲ್ಲಿ ಆರಿಹೋದ ಆಲೆಮನೆಗಳ ಸಾಲು ನೋಡಿ 'ಸಂಪ್ರದಾಯ ನಶಿಸಿತು' ಎಂದು ಮರುಗುತ್ತೇವೆ. ನಶಿಸಿದ್ದು ತಾನಾಗಿ ಅಲ್ಲ. ಪ್ರಾಮಾಣಿಕನನ್ನು ಸೋಲಿಸುವ ಸ್ಪರ್ಧೆಯನ್ನು ನಾವೇ ಏರ್ಪಡಿಸಿ, ನಾವೇ ತೀರ್ಪುಗಾರರಾಗಿ ಕೂತೆವು.

ಕಲಬೆರಕೆ ಎಂದರೆ ಬರೀ ಆರೋಗ್ಯದ ವಿಷಯ ಎಂದುಕೊಂಡಿದ್ದೇವೆ. ಅದು ಸಣ್ಣ ಉದ್ಯಮದ ಜೀವನ್ಮರಣದ ವಿಷಯ ಕೂಡ. ಶುದ್ಧವಾಗಿ ಮಾಡುವವನ ಖರ್ಚು ಹೆಚ್ಚು, ಬೆಲೆ ಹೆಚ್ಚು. ಕಳಪೆ ಮಾಲು ಎಗ್ಗಿಲ್ಲದೆ ಓಡಾಡುವ ಪೇಟೆಯಲ್ಲಿ ಅವನು ದಕ್ಷತೆಯಿಂದ ಗೆಲ್ಲಲು ಸಾಧ್ಯವೇ ಇಲ್ಲ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಅದು ಸುದ್ದಿಯಾಯಿತು. ಸುದ್ದಿಯಾಗದ ಕೆಲಸ ಇನ್ನೂ ಬೇಕು. ಆಹಾರ ಸುರಕ್ಷತಾ ಅಧಿಕಾರಿಗಳೇ, ಲೈಸೆನ್ಸ್ ತೆಗೆದುಕೊಂಡು ಕೈಗೆ ಸಿಗುವ ಪಾಪದವನ ಬಾಗಿಲು ತಟ್ಟುವುದು ಸುಲಭ. ಹೆಸರಿಲ್ಲದ ಚೀಲಗಳಲ್ಲಿ ರಾತ್ರಿ ಲಾರಿಯಲ್ಲಿ ಇಳಿಯುವ ಮಾಲಿನ ಮೂಲ ಹುಡುಕುವುದು ಕಷ್ಟ. ಜನ ನಿಮಗೆ ಸಂಬಳ ಕೊಡುತ್ತಿರುವುದು ಆ ಕಷ್ಟದ ಕೆಲಸಕ್ಕೆ. ಎಪಿಎಂಸಿ ಅಂಗಳದಲ್ಲೇ ಬೆಲ್ಲದ ಮಾದರಿ ತೆಗೆದು, ಫಲಿತಾಂಶವನ್ನು ಅಲ್ಲೇ ಫಲಕಕ್ಕೆ ಅಂಟಿಸಿ. ಒಂದೇ ಸುಗ್ಗಿಯಲ್ಲಿ ಪೇಟೆಯ ಬಣ್ಣ ಬದಲಾಗುತ್ತದೆ.

ಇನ್ನು ಸರ್ಕಾರದ ಬಾಕಿ. ಹಿಂದೊಂದು ಕಾಲವಿತ್ತು, ಕೆಲವು ವಸ್ತುಗಳನ್ನು ಸಣ್ಣ ಕೈಗಾರಿಕೆಗಳೇ ತಯಾರಿಸಬೇಕೆಂಬ ಮೀಸಲಾತಿ 1967ರಿಂದ ನಡೆದುಬಂದಿತ್ತು. ಪಟ್ಟಿ ಸವೆಯುತ್ತ ಸವೆಯುತ್ತ 2015ರ ಏಪ್ರಿಲ್‌ನಲ್ಲಿ ಕೊನೆಯ 20 ವಸ್ತುಗಳೂ ಹೊರಬಿದ್ದವು. ಆ ಇಪ್ಪತ್ತರಲ್ಲಿ ಉಪ್ಪಿನಕಾಯಿ ಮತ್ತು ಚಟ್ನಿ ಇದ್ದವು, ಬ್ರೆಡ್ ಇತ್ತು, ಕಡಲೆಕಾಯಿ ಎಣ್ಣೆ ಇತ್ತು. ಆ ಬೇಲಿಯನ್ನು ಮತ್ತೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಬೇಲಿಯೊಳಗೆ ಕೂತವರು ಬೆಳೆಯುವುದನ್ನೂ ಮರೆತದ್ದುಂಟು. ಆದರೆ ಬೇಲಿ ಕಿತ್ತವರು ಅದರ ಬದಲಿಗೆ ಏನು ಕೊಡಬೇಕಿತ್ತು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಕೊಟ್ಟದ್ದು ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರದ ಹತ್ತು ಸಾವಿರ ಕೋಟಿ ರೂಪಾಯಿಯ ಪಿಎಂಎಫ್‌ಎಂಇ ಯೋಜನೆ ಬಂತು. ಕಿರು ಆಹಾರ ಘಟಕಕ್ಕೆ ಯೋಜನಾ ವೆಚ್ಚದ ಶೇ 35ರಷ್ಟು, ಹತ್ತು ಲಕ್ಷದವರೆಗೆ ಸಹಾಯಧನ. ಕರ್ನಾಟಕ ಸರ್ಕಾರ ತನ್ನ ಶೇ 15 ಸೇರಿಸಿ ಅದನ್ನು ಅರ್ಧಕ್ಕೆ, ಹದಿನೈದು ಲಕ್ಷದವರೆಗೆ ಏರಿಸಿತು. ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿ ಬೀಜಧನವೂ ಬಂತು. ಒಳ್ಳೆಯದು. ಇದರಿಂದ ಸಾವಿರಾರು ಮನೆಗಳಿಗೆ ಪಲ್ವರೈಸರ್ ಬಂತು, ರೊಟ್ಟಿ ಮಷಿನ್ ಬಂತು, ಸೀಲಿಂಗ್ ಮಷಿನ್ ಬಂತು. ಆದರೆ ಮಷಿನ್ ಬಂದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ. ಕರೆಂಟು ಬೇಕಾದ ಹೊತ್ತಿಗೆ ಇರುವುದಿಲ್ಲ. ಕಚ್ಚಾಮಾಲಿಗೆ ಕೈಬಂಡವಾಳ ಇರುವುದಿಲ್ಲ. ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತ ಮಷಿನ್‌ಗಳನ್ನು ಎಣಿಸುವ ಸಮೀಕ್ಷೆ ಯಾವ ಇಲಾಖೆಯೂ ಮಾಡುವುದಿಲ್ಲ. ಎಷ್ಟು ಸಬ್ಸಿಡಿ ಹಂಚಿದೆವು ಎಂಬ ಲೆಕ್ಕ ಮಾತ್ರ ಪ್ರತಿ ಸಭೆಯಲ್ಲೂ ಬರುತ್ತದೆ.

ಅಧಿಕಾರಿಗಳೇ, ಲೆಕ್ಕ ಕೇಳುವ ಪ್ರಶ್ನೆ ಬದಲಿಸಿ. ಎಷ್ಟು ಅರ್ಜಿ ಮಂಜೂರಾಯಿತು ಎಂದು ಕೇಳಬೇಡಿ. ಮೂರು ವರ್ಷದ ಹಿಂದೆ ಮಂಜೂರಾದವುಗಳಲ್ಲಿ ಇಂದು ಒಲೆ ಉರಿಯುತ್ತಿರುವುದು ಎಷ್ಟು ಎಂದು ಕೇಳಿ. ನಿಂತ ಕಡೆ ಯಾಕೆ ನಿಂತಿತು ಎಂದು ಹೋಗಿ ನೋಡಿ. ಜೊತೆಗೆ, ಸರ್ಕಾರವೇ ದೊಡ್ಡ ಗಿರಾಕಿ ಎಂಬುದನ್ನು ನೆನಪಿಡಿ. ಹಾಸ್ಟೆಲು, ಅಂಗನವಾಡಿ, ಬಿಸಿಯೂಟ, ಆಸ್ಪತ್ರೆ, ಕ್ಯಾಂಟೀನು, ಇಷ್ಟು ಬಾಯಿಗಳಿಗೆ ಉಣಿಸುವ ಖರೀದಿದಾರ ಈ ರಾಜ್ಯದಲ್ಲಿ ಇನ್ನೊಬ್ಬನಿಲ್ಲ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ಯಮಗಳು ತಮ್ಮ ಖರೀದಿಯ ಕಾಲು ಭಾಗವನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದಲೇ ಮಾಡಬೇಕು, ಅದರಲ್ಲಿ ಮಹಿಳೆಯರ ಉದ್ಯಮಕ್ಕೆ ಇಂತಿಷ್ಟು ಎಂಬ ನಿಯಮವಿದೆ. ಆ ನಿಯಮದ ಆತ್ಮ ನಮ್ಮ ತಾಲ್ಲೂಕು ಕಚೇರಿಗಳ ಟೆಂಡರಿಗೂ ಬರಲಿ. ಇಡೀ ಜಿಲ್ಲೆಗೆ ಒಂದೇ ಟೆಂಡರ್ ಕರೆದು, ಕೋಟಿಗಳ ವಹಿವಾಟು ತೋರಿಸಿ ಎಂದು ಷರತ್ತು ಹಾಕಿದರೆ ಸಾಂಬಾರ್ ಪುಡಿ ಮಾಡುವ ಸಂಘ ಬಾಗಿಲಲ್ಲೇ ನಿಲ್ಲುತ್ತದೆ. ಹೋಬಳಿಗೊಂದರಂತೆ ಒಡೆದು ಕರೆಯಿರಿ. ಹಣವನ್ನೂ ಹೊತ್ತಿಗೆ ಕೊಡಿ. ಬಾಕಿ ಉಳಿಸಿಕೊಳ್ಳುವುದರಲ್ಲಿ ಸರ್ಕಾರಿ ಕಚೇರಿಗಳು ಖಾಸಗಿಯವರಿಗೇನೂ ಕಡಿಮೆಯಿಲ್ಲ.

ಬ್ಯಾಂಕ್ ಮ್ಯಾನೇಜರರೇ, ನಿಮಗೆ ಒಂದೇ ಮಾತು. ಹತ್ತು ಲಕ್ಷದವರೆಗಿನ ಸಾಲಕ್ಕೆ ಸಣ್ಣ ಘಟಕಗಳಿಂದ ಆಸ್ತಿ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ ವರ್ಷಗಳ ಹಿಂದೆಯೇ ಹೇಳಿದೆ. ಹಾಗಿದ್ದೂ 'ಜಮೀನಿನ ಪಹಣಿ ತನ್ನಿ, ಗಂಡನ ಸಹಿ ತನ್ನಿ' ಎಂದು ಹೆಣ್ಣುಮಕ್ಕಳನ್ನು ಅಲೆಸುವುದು ಯಾಕೆ? ಮಷಿನ್‌ಗೆ ಕೊಟ್ಟ ಸಾಲದ ಜೊತೆಗೆ ಸುಗ್ಗಿಯ ಕಚ್ಚಾಮಾಲಿಗೂ ಸಾಲ ಕೊಡಿ. ಕೊಡದಿದ್ದರೆ ಮೊದಲ ಸಾಲವೂ ಮುಳುಗುತ್ತದೆ, ಇದು ನಿಮಗೇ ಗೊತ್ತಿರುವ ಲೆಕ್ಕ.

ವಿಜ್ಞಾನಿಗಳಿಗೆ ಕೈಮುಗಿದು ಕೇಳಬೇಕಾದದ್ದಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಇಡೀ ದೇಶದ ಆಹಾರ ತಂತ್ರಜ್ಞಾನದ ತಾಯಿಮನೆ. ಸೈನಿಕರ ಊಟದ ಸಂಶೋಧನೆಗೆಂದು ಡಿಎಫ್‌ಆರ್‌ಎಲ್ ಹುಟ್ಟಿದ್ದೂ ಅದೇ ಊರಿನಲ್ಲಿ. ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಮಂಡ್ಯದ ವಿ.ಸಿ. ಫಾರಂ, ಧಾರವಾಡ, ರಾಯಚೂರು, ಬಾಗಲಕೋಟೆಗಳಲ್ಲಿ ವಿಶ್ವವಿದ್ಯಾಲಯಗಳು. ಇಷ್ಟೊಂದು ಜ್ಞಾನ ಒಂದೇ ರಾಜ್ಯಕ್ಕೆ ದಕ್ಕಿದ್ದು ಅಪರೂಪ. ಆದರೆ ಹಿತ್ತಲ ಗಿಡ ಮದ್ದಾಗಲಿಲ್ಲ. ಶೇಂಗಾ ಹೋಳಿಗೆ ಎಷ್ಟೋ ದಿನ ಇಟ್ಟರೂ ಕೆಡದು, ಕಾಯಿ ಹೋಳಿಗೆಗೆ ಮೂರನೇ ದಿನಕ್ಕೆ ಬೂಷ್ಟು, ಯಾಕೆ? ಆಹಾರದಲ್ಲಿ ಸೂಕ್ಷ್ಮಜೀವಿಗೆ ದಕ್ಕುವ ನೀರಿನ ಅಳತೆ 0.6ಕ್ಕಿಂತ ಕೆಳಗಿಳಿದರೆ ಯಾವ ಬೂಷ್ಟೂ ಬೆಳೆಯದು ಎಂಬ ಒಂದು ಪಾಠ, ಅದನ್ನು ಅಳೆಯುವ ಒಂದು ಸಣ್ಣ ಉಪಕರಣ ತಾಲ್ಲೂಕಿನಲ್ಲಿದ್ದರೆ ಎಷ್ಟು ರಿಟರ್ನ್ ತಪ್ಪುತ್ತದೆ, ಎಷ್ಟು ಮನೆ ಉಳಿಯುತ್ತದೆ!

ಕೋಲಾರದ ಟೊಮೆಟೊ ವಿಷಯವೂ ಇಂಥದ್ದೇ. ರಸ್ತೆಗೆ ಸುರಿದ ಹಣ್ಣು ಕಂಡಾಗಲೆಲ್ಲ 'ಕೆಚಪ್ ಕಾರ್ಖಾನೆ ಹಾಕಿ' ಎಂಬ ಕೂಗು ಏಳುತ್ತದೆ. ಆದರೆ ದೂರದ ಊರಿಗೆ ಲಾರಿಯಲ್ಲಿ ಹೋಗಲೆಂದು ಬೆಳೆಸುವ ಟೊಮೆಟೊದಲ್ಲಿ ನೀರು ಹೆಚ್ಚು, ಘನಾಂಶ ಕಡಿಮೆ. ಅದನ್ನು ಬತ್ತಿಸಿ ಪೇಸ್ಟ್ ಮಾಡುವ ಖರ್ಚಿಗೆ ಹೊರಗಿನ ಪೇಸ್ಟೇ ಅಗ್ಗವಾಗಿ ಸಿಗುತ್ತದೆ. ಸಂಸ್ಕರಣೆಗೆ ಹೊಂದುವ ಅರ್ಕಾ ಅಪೇಕ್ಷಾ, ಅರ್ಕಾ ವಿಶೇಷ್‌ನಂಥ ತಳಿಗಳನ್ನು ಹೆಸರಘಟ್ಟದವರೇ ಕೊಟ್ಟಿದ್ದಾರೆ. ತಳಿ ಒಂದು ಕಡೆ, ರೈತ ಒಂದು ಕಡೆ, ಕೊಳ್ಳುವೆನೆಂದು ಮೊದಲೇ ಮಾತು ಕೊಡುವ ಘಟಕ ಇನ್ನೊಂದು ಕಡೆ. ಮೂವರನ್ನೂ ಒಂದು ಚಾಪೆಯ ಮೇಲೆ ಕೂರಿಸುವವರಿಲ್ಲ. ವಿಜ್ಞಾನಿಗಳೇ, ಪ್ರಬಂಧ ಬರೆಯುವಷ್ಟೇ ಗೌರವ ಈ ಚಾಪೆ ಹಾಸುವ ಕೆಲಸಕ್ಕೂ ಇದೆ. ನಿಮ್ಮ ಪ್ರಯೋಗಾಲಯದ ವರದಿ ಇಂಗ್ಲಿಷಿನಲ್ಲಿ, ಲೈಸೆನ್ಸ್ ಶುಲ್ಕ ಲಕ್ಷದಲ್ಲಿ ಇದ್ದರೆ ಹಪ್ಪಳದ ಅಕ್ಕನಿಗೆ ಅದು ದಕ್ಕುವುದಾದರೂ ಹೇಗೆ?

ಈಗ ನಿಮ್ಮ ಜೊತೆ ಮಾತು, ತಯಾರಕರೇ, ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಪರವಾಗಿ ಇಷ್ಟು ಹೇಳಿದವನು ನಿಮಗೆ ಕಟುವಾದದ್ದನ್ನೂ ಹೇಳಬೇಕು. 'ಮನೆ ರುಚಿ' ಎಂಬ ಮಾತು ಎಲ್ಲ ಕೊರತೆಯನ್ನೂ ಮುಚ್ಚುವುದಿಲ್ಲ. ತಯಾರಿಸಿದ ದಿನ ಬರೆಯದ ಪೊಟ್ಟಣ, ಇನ್ನೂರು ಗ್ರಾಂ ಎಂದು ಬರೆದು ನೂರೆಂಬತ್ತು ತುಂಬುವುದು, ಕರಿದ ಎಣ್ಣೆಯನ್ನೇ ಕಪ್ಪಾಗುವವರೆಗೆ ಕಾಯಿಸುವುದು, ಇದನ್ನೆಲ್ಲ ಬಡತನದ ಹೆಸರಿನಲ್ಲಿ ಯಾರೂ ಕ್ಷಮಿಸಬಾರದು. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ 25 ದಾಟಿದರೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಿಂದ ಜಾರಿಯಲ್ಲಿದೆ. ನಿಯಮ ದೊಡ್ಡ ಕಂಪನಿಗೆ ಒಂದು, ನಿಮಗೆ ಒಂದು ಅಲ್ಲ. ಉದ್ಯಮ್ ನೋಂದಣಿ ಉಚಿತ. ಅದಿಲ್ಲದಿದ್ದರೆ ಆ 45 ದಿನದ ಕಾನೂನು ನಿಮ್ಮ ಬೆನ್ನಿಗೆ ನಿಲ್ಲುವುದಿಲ್ಲ. ಮೊದಲು ಅದನ್ನು ಮಾಡಿಸಿ.

ಇನ್ನೊಂದು ಮಾತು ಇನ್ನೂ ಮುಖ್ಯ. ದರ ಹಾಕುವಾಗ ಅಕ್ಕಿಯ ಲೆಕ್ಕ ಹಿಡಿಯುತ್ತೀರಿ, ಗ್ಯಾಸಿನ ಲೆಕ್ಕ ಹಿಡಿಯುತ್ತೀರಿ, ಕವರಿನ ಲೆಕ್ಕ ಹಿಡಿಯುತ್ತೀರಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದ ನಿಮ್ಮ ಕೂಲಿಯ ಲೆಕ್ಕ ಎಲ್ಲಿ? ಅತ್ತೆ ಹೆರೆದ ಕಾಯಿ, ಮಗಳು ಅಂಟಿಸಿದ ಲೇಬಲ್, ಇವಕ್ಕೆ ಬೆಲೆ ಇಲ್ಲವೇ? ಹೆಂಗಸರ ದುಡಿಮೆಯನ್ನು ಸೊನ್ನೆಯೆಂದು ಹಿಡಿದು ನಿಂತ ಅಗ್ಗದ ದರ ಸ್ಪರ್ಧಾಶಕ್ತಿಯಲ್ಲ. ಅದು ಮನೆಯನ್ನು ಒಳಗೊಳಗೇ ತಿನ್ನುವ ನಷ್ಟ. ಕೂಲಿ ಸೇರಿಸಿ ದರ ಹಾಕಿ. ಆ ದರಕ್ಕೆ ಮಾರಲಾಗದಿದ್ದರೆ ಒಬ್ಬೊಬ್ಬರೇ ಮಾಡುವುದನ್ನು ಬಿಟ್ಟು ಹತ್ತು ಮನೆ ಒಟ್ಟಾಗಿ.

ಒಟ್ಟಾದವರು ಗೆದ್ದಿದ್ದಾರೆ ಎಂಬುದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. ಖಾಸಗಿ ಕಂಪನಿಗಳು ಕೊಕ್ಕೊ ಕೊಳ್ಳುವುದನ್ನು ನಿಲ್ಲಿಸಿ ಕರಾವಳಿಯ ರೈತ ಕಂಗಾಲಾದಾಗ, 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ್ದ ಕ್ಯಾಂಪ್ಕೊ ಮುಂದೆ ಬಂದು ಕೊಂಡಿತು. ಕೊಂಡು ಸುಮ್ಮನಾಗಲಿಲ್ಲ, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. 1959ರಲ್ಲಿ ಮುಂಬಯಿಯ ಗಿರಗಾಂವ್‌ನ ಏಳು ಮಂದಿ ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಶುರುಮಾಡಿದ ಲಿಜ್ಜತ್‌ನ ಗುಟ್ಟು ಏನು? ಹಿಟ್ಟು ಒಂದೇ ಕಡೆ, ಒಂದೇ ಹದಕ್ಕೆ ಕಲಸುವುದು. ಹಪ್ಪಳ ಒತ್ತುವುದು ಅವರವರ ಮನೆಯಲ್ಲಿ. ಗುಣಮಟ್ಟ ಒಂದು, ಕೈ ಸಾವಿರ. ಇತ್ತೀಚೆಗೆ ಕಲಬುರಗಿ ಜಿಲ್ಲೆಯ ಹೆಣ್ಣುಮಕ್ಕಳು ಜಿಲ್ಲಾಡಳಿತದ ಬೆಂಬಲದಲ್ಲಿ ಜೋಳದ ರೊಟ್ಟಿಗೆ 'ಕಲಬುರಗಿ ರೊಟ್ಟಿ' ಎಂದು ಒಂದೇ ಹೆಸರಿಟ್ಟು ಮಾರಲು ಹೊರಟರು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಟ್ಟುವ ಇವರ ಕೆಲಸವನ್ನು 2025ರ ಜೂನ್‌ನಲ್ಲಿ ಪ್ರಧಾನಿ ತಮ್ಮ 'ಮನದ ಮಾತು' ಕಾರ್ಯಕ್ರಮದಲ್ಲಿ ಹೆಸರಿಸಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿದ ರೊಟ್ಟಿಯ ಮೇಲಿನ ಜಿಎಸ್‌ಟಿಯೂ ಸೊನ್ನೆಗಿಳಿಯಿತು. ಹೆಸರು, ಒಗ್ಗಟ್ಟು, ಬೆನ್ನಿಗೆ ನಿಂತ ಆಡಳಿತ, ಹಗುರಾದ ತೆರಿಗೆ. ಈ ನಾಲ್ಕು ಕೂಡಿಬಂದರೆ ರೊಟ್ಟಿಯೂ ಊರು ದಾಟುತ್ತದೆ. ಇಂಥದ್ದು ಒಂದು ಜಿಲ್ಲೆಯ ಅದೃಷ್ಟವಾಗಿ ಉಳಿಯದೆ ಎಲ್ಲ ಜಿಲ್ಲೆಯ ವಾಡಿಕೆಯಾಗಬೇಕು.

ಕೊನೆಗೆ ಉಣ್ಣುವ ನಾವು.

ಶಾಪಿಂಗ್ ಮಾಲ್‌ನಲ್ಲಿ ಹೇಳಿದ ಬೆಲೆ ಎಣಿಸಿ ಬರುವ ನಾವು ಜಾತ್ರೆಯಲ್ಲಿ ಹಪ್ಪಳ ಮಾರುವವಳ ಜೊತೆ ಐದು ರೂಪಾಯಿಗೆ ಜಗ್ಗಾಡುತ್ತೇವೆ. ಬೆಲ್ಲ ಕಪ್ಪಗಿದ್ದರೆ ಮೂಗು ಮುರಿಯುತ್ತೇವೆ, ಉಪ್ಪಿನಕಾಯಿಯ ಕೆಂಪು ಕಡಿಮೆಯಾದರೆ 'ಹಳೆಯದು' ಎನ್ನುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟು, ಬಣ್ಣ ನೋಡಿಯೇ ಕೊಳ್ಳುತ್ತೇವೆ. ಗಾಳಿ ತುಂಬಿದ ಪ್ಯಾಕೆಟ್ಟಿನ ಜಾಹೀರಾತಿಗೆ ನಾವೇ ದುಡ್ಡು ಕೊಡುತ್ತಿದ್ದೇವೆಂಬುದು ನಮಗೆ ಹೊಳೆಯುವುದಿಲ್ಲ. ಊರ ಹಬ್ಬ, ಮದುವೆ, ಮಠದ ದಾಸೋಹ, ಗೃಹಪ್ರವೇಶ, ಎಷ್ಟು ಸಂದರ್ಭಗಳಿವೆ! ಇವಕ್ಕೆಲ್ಲ ನಮ್ಮ ಹೋಬಳಿಯ ಸಂಘದ ಹಪ್ಪಳ, ನಮ್ಮ ತಾಲ್ಲೂಕಿನ ಗಾಣದ ಎಣ್ಣೆ, ರಾಸಾಯನಿಕ ಹಾಕದ ಆಲೆಮನೆಯ ಬೆಲ್ಲ ತರಿಸಿದರೆ ಆ ಘಟಕಗಳಿಗೆ ವರ್ಷವಿಡೀ ಕೆಲಸ. ಕರುಣೆಯಿಂದ ಕೆಟ್ಟದ್ದನ್ನು ಕೊಳ್ಳಬೇಡಿ. ಒಳ್ಳೆಯದನ್ನು ಕೇಳಿ, ಒಳ್ಳೆಯದಿದ್ದರೆ ಸರಿಯಾದ ಬೆಲೆ ಕೊಡಿ, ಕೆಟ್ಟಿದ್ದರೆ ಅವರ ಮುಖಕ್ಕೇ ಹೇಳಿ. ಸಣ್ಣವರನ್ನು ಬೆಳೆಸುವುದು ಅಂಥ ಗಿರಾಕಿ.

ತೊಟ್ಟಿಲು ತೂಗಲು, ಬೆನ್ನು ತಟ್ಟಲು ಇವರು ಯಾರನ್ನೂ ಕೇಳಿಲ್ಲ. ಮಾರಿದ ಮಾಲಿಗೆ ಹೊತ್ತಿಗೆ ಹಣ, ಸುಗ್ಗಿಗೆ ಸಾಲ, ತಾಲ್ಲೂಕಿಗೊಂದು ಪರೀಕ್ಷಾಲಯ, ಕಲಬೆರಕೆಯವನಿಗೆ ಶಿಕ್ಷೆ, ನಿಜವಾದ ಮಾಲಿಗೆ ನಿಜವಾದ ಬೆಲೆ, ಇಷ್ಟೇ ಕೇಳಿದ್ದಾರೆ. ಇದರಲ್ಲಿ ಒಂದೂ ಉಪಕಾರವಲ್ಲ. ಮುಂದಿನ ಜೂನ್‌ಗೆ ಶ್ರೀನಿವಾಸಪುರದಲ್ಲಿ ಮತ್ತೆ ತೋತಾಪುರಿ ಕಟಾವಿಗೆ ಬರುತ್ತದೆ. ಇನ್ನೊಂದು ರಾಜ್ಯದ ಗೇಟಿಗೆ ಅರ್ಜಿ ಬರೆಯುವುದೋ, ನಮ್ಮ ಊರ ಘಟಕಗಳನ್ನು ಗಟ್ಟಿ ಮಾಡುವುದೋ ಎಂದು ಈಗಲೇ ತೀರ್ಮಾನಿಸಬೇಕು. ಸರ್ಕಾರ ತನ್ನ ಪಾಲು ಮಾಡಲಿ, ಅದನ್ನು ಕೇಳುತ್ತಲೇ ಇರೋಣ. ಅಷ್ಟರಲ್ಲಿ ಈ ಬರಹ ಓದುತ್ತಿರುವ ನಿಮ್ಮಲ್ಲಿ ಯಾರ ಮೇಜಿನ ಮೇಲಾದರೂ ಒಬ್ಬ ಸಣ್ಣ ತಯಾರಕರ ಬಿಲ್ಲು ಪಾವತಿಯಾಗದೆ ಉಳಿದಿದ್ದರೆ, ಪತ್ರಿಕೆ ಮಡಚುವ ಮೊದಲು ಅದನ್ನು ಚುಕ್ತಾ ಮಾಡಿ.